ಮಣ್ಣಿಲ್ಲದ ಮಣ್ಣಿನ ಮಣಿ

ಜ್ಯೇಷ್ಠ ಮಾಸದ ಅಮಾವಾಸ್ಯೆ ಬಂತೆಂದರೆ ಚಿಂಚೋಳಿ, ಚಂದಾಪುರ, ಸೇಡಂ ಸೀಮೆಯ ಮನೆಗಳಲ್ಲಿ ಮಣ್ಣೆತ್ತಿನ ಪೂಜೆ. ಕೆರೆಯಿಂದಲೋ ಹೊಲದಿಂದಲೋ ತಂದ ಮಣ್ಣಿಗೆ ನೀರು ಹಾಕಿ ನಾದಿ, ಕೋಡು, ಹಿಣಿಲು, ಬಾಲ ತಿದ್ದಿ ಜೋಡೆತ್ತು ಮಾಡುತ್ತಾರೆ. ಅದರ ಮುಂದಿನ ಆಷಾಢದ ಮಂಗಳವಾರಗಳಲ್ಲಿ ಉತ್ತರ ಕರ್ನಾಟಕದ ಹಲವು ಕಡೆ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡುತ್ತಾರೆ. ಹಸಿ ಮಣ್ಣಿನ ಆ ಗೊಂಬೆಗೆ ಗುಲಗಂಜಿ, ಕುಸುಬಿ, ಜೋಳದ ಕಾಳುಗಳನ್ನು ಸಾಲಾಗಿ ಒತ್ತಿದರೆ ಅವೇ ಅವ್ವನ ಸರ, ಅವೇ ಅವ್ವನ ಓಲೆ. ಮಣ್ಣು ಮಿದಿಯುವುದು, ಉರುಟು ಮಾಡುವುದು, ಒತ್ತುವುದು ಈ ಭಾಗದ ಕೈಗಳಿಗೆ ಯಾರೂ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ.

ಇತ್ತೀಚಿನ ವರ್ಷಗಳಲ್ಲಿ ಅದೇ ಕೈಗಳ ಮುಂದೆ ಬೇರೊಂದು ‘ಮಣ್ಣು’ ಬಂದು ಕೂತಿದೆ. ಬಣ್ಣಬಣ್ಣದ ಪುಟ್ಟ ಇಟ್ಟಿಗೆಗಳಂತೆ ಪೊಟ್ಟಣ ಕಟ್ಟಿ ಮಾರುವ ಇದರ ಹೆಸರು ಪಾಲಿಮರ್ ಕ್ಲೇ. ಇದರಿಂದ ಮಣಿ ಮಾಡಿ, ಸರ ಪೋಣಿಸಿ, ಜುಮುಕಿ ಕಟ್ಟಿ ಮಾರುವವರು ನಗರಗಳಲ್ಲಿ ಕಾಣಸಿಗುತ್ತಾರೆ. ಮೊಬೈಲ್ ಫೋನಿನ ವಿಡಿಯೊ ನೋಡಿ ಸಣ್ಣ ಊರುಗಳಲ್ಲಿ ಕುಳಿತೂ ಕಲಿಯಬಹುದು. ಆದರೆ ಒಂದು ತೊಡಕಿದೆ. ನಮ್ಮ ಅಂಗಡಿಗಳಲ್ಲಿ ‘ಕ್ಲೇ’ ಎಂಬ ಒಂದೇ ಮಾತು ಮೂರು ಬೇರೆ ಬೇರೆ ವಸ್ತುಗಳಿಗೆ ಸಲ್ಲುತ್ತದೆ: ಸುಟ್ಟು ಟೆರಾಕೋಟಾ ಮಾಡುವ ನಿಜವಾದ ಜೇಡಿಮಣ್ಣು, ಮೆಕ್ಕೆಜೋಳದ ಪಿಷ್ಟಕ್ಕೆ ಬಿಳಿ ಅಂಟು ಬೆರೆಸಿ ಕಾಸಿದ ಹಿಟ್ಟು, ಮತ್ತು ಈ ಪಾಲಿಮರ್. ಮೂರನ್ನೂ ಕೈಯಲ್ಲಿ ನಾದುತ್ತಾರೆ, ಮೂರರಿಂದಲೂ ಮಣಿ ಆಗುತ್ತದೆ. ಬೆಂಕಿಯ ಮುಂದೆ ಮಾತ್ರ ಮೂರರ ನಡತೆಯೂ ಬೇರೆ. ಒಂದಕ್ಕೆ ಬೇಕಾದ ಬೆಂಕಿ ಇನ್ನೊಂದಕ್ಕೆ ವಿಷ. ಹೆಸರನ್ನು ನಂಬಿ ಕೆಲಸಕ್ಕೆ ಇಳಿದವರು ಕೆಡಿಸಿಕೊಳ್ಳುವುದು ಮಣಿಯನ್ನಷ್ಟೇ ಅಲ್ಲ, ಮನೆಯೊಳಗಿನ ಗಾಳಿಯನ್ನು ಕೂಡ.

ಭೀಮಾ ತೀರದ ಪದಕಗಳು

ಮಣ್ಣಿನ ಆಭರಣದ ಮಾತು ಬಂದಾಗ ಈ ಭಾಗದವರು ದೂರ ಹೋಗಬೇಕಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಭೀಮಾ ನದಿಯ ದಂಡೆಯಲ್ಲಿದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿದು ಊರಿನ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಸಮೀಪದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1994ರಿಂದ 2001ರವರೆಗೆ ನಡೆಸಿದ ಉತ್ಖನನದಲ್ಲಿ ದೊಡ್ಡ ಬೌದ್ಧ ಸ್ತೂಪವೊಂದು ಹೊರಬಂತು. ‘ರಾಯ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಹೆಸರು ಕೆತ್ತಿದ ಅಶೋಕನ ಶಿಲ್ಪ ಸಿಕ್ಕಿದ್ದು ಇಲ್ಲೇ. ಇಲ್ಲಿನ ಸುಣ್ಣಕಲ್ಲಿನ ಚಪ್ಪಡಿಗಳ ಮೇಲಿರುವ ಗಂಡಸರು, ಹೆಂಗಸರು ಎಲ್ಲರೂ ಕೊರಳು, ಕಿವಿ, ತೋಳುಗಳ ತುಂಬ ಒಡವೆ ತೊಟ್ಟವರು.

ಶಾಸನ, ಶಿಲ್ಪಗಳ ಗದ್ದಲದಲ್ಲಿ ಪತ್ರಿಕೆಗಳು ಅಷ್ಟಾಗಿ ಬರೆಯದ ಸಂಗತಿ ಇನ್ನೊಂದಿದೆ. ಸನ್ನತಿಯ ರಣಮಂಡಲ ಎಂಬ ದಿಬ್ಬದ ಭಾಗದಲ್ಲಿ ಶಾತವಾಹನರ ಮತ್ತು ಅದಕ್ಕೂ ಹಿಂದಿನ ನಾಣ್ಯಗಳು, ಕಪ್ಪು ಹೊಳಪಿನ ಮಡಕೆ ಚೂರುಗಳು, ತಾಮ್ರ ಮತ್ತು ದಂತದ ಆಭರಣಗಳ ಜೊತೆಗೆ ಮಣ್ಣಿನ ಪದಕಗಳೂ ಹಲವಾರು ಸಿಕ್ಕಿವೆ. ಶಿಲ್ಪದಲ್ಲಿ ಕಾಣುವುದು ಅರಮನೆಯ ಒಡವೆಯಾದರೆ, ಈ ಪದಕಗಳು ಬಹುಶಃ ಬೀದಿಯ ಒಡವೆ. ದಂತವನ್ನೋ ಚಿನ್ನವನ್ನೋ ಕೊಳ್ಳಲಾರದವರ ಕೊರಳಿನದು ಎಂದು ಊಹಿಸಿದರೆ ತಪ್ಪಾಗಲಾರದು.

ಮಣ್ಣನ್ನು ಅಚ್ಚಿಗೆ ಒತ್ತಿ ಬೆಲೆಬಾಳುವ ವಸ್ತುವಿನ ರೂಪ ಕೊಡುವ ಕಲೆ ಆ ಕಾಲದ ದಖ್ಖನ್ನಿಗೆ ಚೆನ್ನಾಗಿ ಗೊತ್ತಿತ್ತು. ಇದಕ್ಕೆ ಒಳ್ಳೆಯ ಉದಾಹರಣೆ ಈಗಿನ ತೆಲಂಗಾಣದ ಕೊಂಡಾಪುರ ಮತ್ತು ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯ ತೇರ್. ಎರಡೂ ಚಿಂಚೋಳಿಯಂತೆಯೇ ಹಿಂದೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಊರುಗಳು. ಎರಡೂ ಕಡೆ ರೋಮನ್ ನಾಣ್ಯಗಳ ಮಣ್ಣಿನ ಪ್ರತಿರೂಪಗಳು ದೊರೆತಿವೆ. ವಿದ್ವಾಂಸರು ಇವನ್ನು ‘ಬುಲ್ಲಾ’ ಎನ್ನುತ್ತಾರೆ. ಕ್ರಿ.ಶ. 14ರಿಂದ 37ರವರೆಗೆ ಆಳಿದ ಟೈಬೀರಿಯಸ್ ಚಕ್ರವರ್ತಿಯ ನಾಣ್ಯದ ಮಾದರಿ ಇವುಗಳಲ್ಲಿ ಹೆಚ್ಚು. ನಾಣ್ಯದಿಂದ ಅಚ್ಚು ತೆಗೆದು, ಅದಕ್ಕೆ ಹಸಿ ಮಣ್ಣು ಒತ್ತಿ, ಮೇಲ್ತುದಿಗೆ ಕುಣಿಕೆಯನ್ನೋ ತೂತನ್ನೋ ಇಟ್ಟು, ಸುಟ್ಟು, ದಾರಕ್ಕೆ ಪೋಣಿಸಿಕೊಳ್ಳುತ್ತಿದ್ದರು. ಪರದೇಶದ ಚಕ್ರವರ್ತಿಯ ಮುಖ ದಖ್ಖನ್ನಿನ ಎದೆಯ ಮೇಲೆ ಮಣ್ಣಿನಲ್ಲಿ ತೂಗುತ್ತಿತ್ತು. ಇಂದು ಪಾಲಿಮರ್ ಕ್ಲೇಯಿಂದ ಹವಳ, ಪಚ್ಚೆ, ದಂತಗಳ ನಕಲು ಮಾಡುವವರು ತಾವು ಹೊಸದೇನೋ ಮಾಡುತ್ತಿದ್ದೇವೆ ಎಂದುಕೊಂಡರೆ ಅದು ಅಷ್ಟು ನಿಜವಲ್ಲ.

ನಕಲಿನ ಮಾತು ಹಾಗಿರಲಿ. ನಮ್ಮ ಅಜ್ಜಿಯರ ಬೋರಮಾಳವನ್ನೇ ನೋಡಿ. ಬೋರೆ ಹಣ್ಣಿನ ಆಕಾರದ ಆ ಚಿನ್ನದ ಗುಂಡುಗಳು ಮೇಲೆ ತೆಳುವಾದ ಚಿನ್ನದ ತಗಡು, ಒಳಗೆ ಅರಗು. ಅದನ್ನು ಯಾರೂ ಖೋಟಾ ಎನ್ನುವುದಿಲ್ಲ.

ಮಣ್ಣು ಮಣಿಯಾಗುವ ಬಗೆ

ಹಸಿ ಮಣ್ಣಿನಲ್ಲಿ ನೀರು ಎರಡು ಬಗೆಯಲ್ಲಿರುತ್ತದೆ. ನಾವು ಹಾಕಿ ನಾದಿದ ನೀರು ಒಂದು. ಮಣ್ಣಿನ ಕಣದ ರಚನೆಯೊಳಗೇ ರಾಸಾಯನಿಕವಾಗಿ ಬೆಸೆದುಕೊಂಡಿರುವುದು ಇನ್ನೊಂದು. ಮೊದಲನೆಯದು ನೆರಳಿನಲ್ಲಿ, ಬಿಸಿಲಿನಲ್ಲಿ ಆರಿಹೋಗುತ್ತದೆ. ಹಾಗೆ ಒಣಗಿದ ಮಣಿಯನ್ನು ನೀರಿಗೆ ಹಾಕಿದರೆ ಮತ್ತೆ ಕೆಸರು. ಮಣ್ಣೆತ್ತು ನೀರಿನಲ್ಲಿ ಕರಗುವುದು ಇದೇ ಕಾರಣಕ್ಕೆ. ಎರಡನೆಯ ನೀರು ಹೋಗಬೇಕಾದರೆ ಬೆಂಕಿ ಸುಮಾರು 450ರಿಂದ 600 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಅದು ಒಮ್ಮೆ ಹೋಯಿತೆಂದರೆ ಆ ಮಣ್ಣು ಮರಳಿ ಕೆಸರಾಗಲಾರದು. ಸಾಮಾನ್ಯವಾಗಿ ಟೆರಾಕೋಟಾವನ್ನು 700ರಿಂದ 900 ಡಿಗ್ರಿಯ ಆಸುಪಾಸಿನಲ್ಲಿ ಸುಡುತ್ತಾರೆ. ಉಷ್ಣಮಾಪಕ ಇಲ್ಲದ ಕಾಲದಲ್ಲಿ ಕುಂಬಾರರು ಆವಿಗೆಯೊಳಗಿನ ಮಡಕೆ ಕೆಂಡದ ಬಣ್ಣಕ್ಕೆ ತಿರುಗುವುದನ್ನು ಕಣ್ಣಳತೆಯಲ್ಲೇ ನೋಡಿ ಹದ ತಿಳಿಯುತ್ತಿದ್ದರು. ಗಾಳಿ ಚೆನ್ನಾಗಿ ಆಡಿದರೆ ಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ ಮಣಿ ಕೆಂಪಗಾಗುತ್ತದೆ. ಗಾಳಿ ಕಟ್ಟಿ ಹೊಗೆ ತುಂಬಿದರೆ ಕಪ್ಪು. ಬಣ್ಣ ಬಳಿಯುವ ಗೊಡವೆಯೇ ಇಲ್ಲದೆ ಒಂದೇ ಮಣ್ಣಿನಿಂದ ಎರಡು ಬಣ್ಣದ ಸರ.

ಈ ಸೀಮೆಯ ಮಣ್ಣಿಗೆ ಒಂದು ಗುಣವಿದೆ. ತೊಗರಿ, ಜೋಳಕ್ಕೆ ಹೇಳಿ ಮಾಡಿಸಿದಂಥ ಎರೆ ಭೂಮಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲಗಳು ಬಾಯಿ ಬಿಡುವುದನ್ನು ಎಲ್ಲರೂ ಕಂಡಿದ್ದೇವೆ. ಹೊಲದಲ್ಲಿ ನಡೆಯುವುದೇ ಮಣಿಯಲ್ಲೂ ನಡೆಯುತ್ತದೆ. ಬರೀ ಎರೆ ಮಣ್ಣಿನಿಂದ ಮಾಡಿದ ಮಣಿ ಒಣಗುವಾಗಲೇ ಬಿರುಕು ಬಿಡುವುದುಂಟು. ಆದ್ದರಿಂದ ಕೆರೆಯ ಹೂಳು, ಸಣ್ಣ ಮರಳು, ಬೂದಿ ಇತ್ಯಾದಿ ಬೆರೆಸಿ ಹದ ಮಾಡಿಕೊಳ್ಳಬೇಕು. ಮಣ್ಣನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಕಲ್ಲುಹರಳು ತೆಗೆದರಷ್ಟೇ ನಯವಾದ ಮಣಿ ಬರುತ್ತದೆ. ತೂತು ಹಾಕುವಾಗಲೂ ಎಚ್ಚರ ಬೇಕು. ಮಣ್ಣು ಒಣಗಿ ಕುಗ್ಗುವಾಗ ತೂತೂ ಕುಗ್ಗುತ್ತದೆ, ಹಾಗಾಗಿ ದಾರಕ್ಕಿಂತ ದಪ್ಪನೆಯ ಕಡ್ಡಿಯಿಂದಲೇ ಚುಚ್ಚಬೇಕು. ಒಳಗೆ ಹಸಿ ಉಳಿದ ಮಣಿಯನ್ನು ಅವಸರದಿಂದ ಬೆಂಕಿಗೆ ಇಟ್ಟರೆ ಒಳಗಿನ ನೀರು ಆವಿಯಾಗಿ ಮಣಿಯನ್ನೇ ಸಿಡಿಸುತ್ತದೆ.

ಪಕ್ಕದ ಬೀದರಿನ ಬಿದರಿ ಕಸುಬಿನಲ್ಲಿ ಇನ್ನೊಂದು ಚಮತ್ಕಾರವಿದೆ. ಸತು ಮತ್ತು ತಾಮ್ರದ ಎರಕ ಹೊಯ್ಯುವ ಅಚ್ಚಿನ ಮಣ್ಣಿಗೆ ಅಲ್ಲಿನವರು ಹರಳೆಣ್ಣೆ ಮತ್ತು ರಾಳ ಬೆರೆಸುತ್ತಾರೆ. ನೀರಿನ ಬದಲು ಎಣ್ಣೆಯಿಂದ ಮೆದುವಾಗುವ ಮಣ್ಣು! ಪಾಲಿಮರ್ ಕ್ಲೇಯನ್ನು ಅರ್ಥ ಮಾಡಿಕೊಳ್ಳಲು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಪೈಪಿನ ಪ್ಲಾಸ್ಟಿಕ್ಕೇ ಮಣಿಯೂ

ಪಾಲಿಮರ್ ಕ್ಲೇಯ ಮುಖ್ಯ ಸರಕು ಪಿ.ವಿ.ಸಿ., ಅಂದರೆ ಬೋರ್‌ವೆಲ್ಲಿನ ಪೈಪು, ವಿದ್ಯುತ್ ತಂತಿಯ ಹೊದಿಕೆ ಯಾವುದರಿಂದ ಆಗುತ್ತದೋ ಅದೇ ಪ್ಲಾಸ್ಟಿಕ್ಕು. ಅದರ ಅತಿ ಸಣ್ಣ ಪುಡಿಗೆ ಮೆದುಗೊಳಿಸುವ ಎಣ್ಣೆಯಂಥ ದ್ರವ ಸೇರಿಸಿ, ಬಣ್ಣ ಮತ್ತು ಭರ್ತಿ ಪುಡಿ ಬೆರೆಸಿರುತ್ತಾರೆ. ನೀರಿನ ಪಾತ್ರವಿಲ್ಲದ್ದರಿಂದ ಅದು ಗಾಳಿಗೆ ಒಣಗುವುದಿಲ್ಲ. ತಿಂಗಳುಗಟ್ಟಲೆ ಇಟ್ಟರೂ ನಾದಿದರೆ ಮತ್ತೆ ಮೆತ್ತಗಾಗುತ್ತದೆ. ಕುಗ್ಗುವುದೂ ತೀರ ಕಡಿಮೆ.

ಬಿಸಿ ತಾಗಿದಾಗ ಏನಾಗುತ್ತದೆ? ಜೋಳದ ರೊಟ್ಟಿ ಬಡಿಯುವವರಿಗೆ ಇದನ್ನು ಹೇಳಿಕೊಡುವುದು ಸುಲಭ. ಗೋಧಿ ಹಿಟ್ಟಿನಂತೆ ಜೋಳದ ಹಿಟ್ಟಿಗೆ ತನ್ನಷ್ಟಕ್ಕೆ ಜಿಗುಟಿಲ್ಲ. ಕುದಿಯುವ ಎಸರು ಹಾಕಿದಾಗ ಹಿಟ್ಟಿನ ಕಣಗಳು ನೀರು ಹೀರಿ ಉಬ್ಬಿ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಪಾಲಿಮರ್ ಕ್ಲೇಯಲ್ಲೂ ಪಿ.ವಿ.ಸಿ. ಕಣಗಳು ಬಿಸಿಯಲ್ಲಿ ಆ ಮೆದುದ್ರವವನ್ನು ಹೀರಿ ಉಬ್ಬಿ, ಒಂದರೊಳಗೊಂದು ಬೆಸೆದು ಗಟ್ಟಿಯಾಗುತ್ತವೆ. ಇದಕ್ಕೆ ಬೇಕಾದ ಶಾಖ 110ರಿಂದ 130 ಡಿಗ್ರಿ ಸೆಲ್ಸಿಯಸ್ ಮಾತ್ರ. ವಾಡಿ, ಸೇಡಂ ಕಡೆಯ ಸಿಮೆಂಟು ಕಾರ್ಖಾನೆಗಳಲ್ಲಿ ಸುಣ್ಣಕಲ್ಲು ಸುಮಾರು 1450 ಡಿಗ್ರಿಯಲ್ಲಿ ಬೇಯುತ್ತದೆ, ಕುಂಬಾರನ ಆವಿಗೆ 700 ದಾಟುತ್ತದೆ. ಇದಾದರೋ ಕೇಕ್ ಬೇಯಿಸುವುದಕ್ಕಿಂತಲೂ ಕಡಿಮೆ ಬಿಸಿಯಲ್ಲಿ ಮುಗಿದುಹೋಗುವ ಕೆಲಸ.

ಇದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಜರ್ಮನಿಯಲ್ಲಿ ಗೊಂಬೆ ತಯಾರಿಕೆಗೆ ಹೆಸರಾಗಿದ್ದ ಕೇಟೆ ಕ್ರುಸೆ ಅವರ ಮಗಳು ಸೋಫಿ, ಮನೆಯವರ ಬಾಯಲ್ಲಿ ಫಿಫಿ. ಗೊಂಬೆಯ ತಲೆಗೆ ತಕ್ಕ ವಸ್ತು ಹುಡುಕುತ್ತಿದ್ದ ಕಾಲದಲ್ಲಿ ಇಂಥದೊಂದು ಮಿಶ್ರಣದ ಬೆನ್ನು ಹತ್ತಿದ ಆಕೆ ಮುಂದೆ ಅದನ್ನು ಹದಕ್ಕೆ ತಂದು ಮಾರಿದರು. 1964ರಲ್ಲಿ ಎಬರ್‌ಹಾರ್ಡ್ ಫಾಬರ್ ಕಂಪನಿ ಅದನ್ನು ಕೊಂಡಿತು. ಇಂದು ಜಗತ್ತಿನಾದ್ಯಂತ ಮಾರಾಟವಾಗುವ ‘ಫಿಮೋ’ದ ಮೊದಲಕ್ಷರ ಆ ಫಿಫಿಯದು. ಅಮೆರಿಕದ ‘ಸ್ಕಲ್ಪಿ’ಯದು ಬೇರೆಯೇ ದಾರಿ. ವಿದ್ಯುತ್ ಪರಿವರ್ತಕಗಳ ಶಾಖವನ್ನು ಹೊರಸಾಗಿಸಲೆಂದು ತಯಾರಾದ ವಸ್ತು ಆ ಕೆಲಸಕ್ಕೆ ಬಾರದೆ ಮೂಲೆ ಸೇರಿ, 1960ರ ದಶಕದಲ್ಲಿ ಆಟದ ಮಣ್ಣಾಗಿ ಮರುಜನ್ಮ ಪಡೆಯಿತು.

ಉರುಟಿ, ಒತ್ತಿ, ಕೊಯ್ದು

ಮಣಿ ಮಾಡುವ ಕ್ರಮ ಹೇಳುವುದಾದರೆ, ಮೊದಲು ಕ್ಲೇಯನ್ನು ಅಂಗೈ ಬಿಸಿಯಲ್ಲಿ ಚೆನ್ನಾಗಿ ನಾದಬೇಕು. ಇದನ್ನು ಅರೆಬರೆ ಮಾಡಿದವರ ಮಣಿ ಬೇಯಿಸಿದ ಮೇಲೆ ಸೀಳುತ್ತದೆ. ಒಂದೇ ಅಳತೆಯ ಮಣಿ ಬೇಕಾದರೆ ಲಟ್ಟಣಿಗೆಯಿಂದ ಸಮನಾಗಿ ಲಟ್ಟಿಸಿ, ಸಣ್ಣ ಮುಚ್ಚಳದಿಂದ ಬಿಲ್ಲೆ ಕತ್ತರಿಸಿಕೊಂಡು, ಒಂದೊಂದು ಬಿಲ್ಲೆಯನ್ನು ಒಂದೊಂದು ಗುಂಡು ಮಾಡಬೇಕು. ಅಡುಗೆಮನೆಯ ಲಟ್ಟಣಿಗೆಯನ್ನು ಇದಕ್ಕೆ ಕೊಟ್ಟರೆ ಮತ್ತೆ ರೊಟ್ಟಿ, ಚಪಾತಿಗೆ ಬಳಸಬಾರದು. ಗುಂಡನ್ನು ಅಂಗೈ ನಡುವೆ ಹಿಂದೆ ಮುಂದೆ ಉರುಳಿಸಿದರೆ ಬೋರೆ ಹಣ್ಣಿನ ಆಕಾರ, ಚಪ್ಪಟೆ ಒತ್ತಿದರೆ ಅಡಿಕೆಯ ಆಕಾರ. ದೇಶದ ಎಷ್ಟೋ ಪ್ರಾಚೀನ ನೆಲೆಗಳಲ್ಲಿ ಸಿಗುವ ಸುಟ್ಟ ಮಣ್ಣಿನ ಮಣಿಗಳನ್ನು ಪುರಾತತ್ವದವರು ‘ಅಡಿಕೆ ಆಕಾರದ ಮಣಿ’ ಎಂದೇ ಕರೆಯುತ್ತಾರೆ.

ತೂತು ಹಾಕುವುದರಲ್ಲಿ ಕೈಚಳಕವಿದೆ. ಸೂಜಿಯನ್ನು ನೇರ ತಿವಿದರೆ ಮಣಿ ಜಜ್ಜಿ, ಹೊರಬರುವ ಕಡೆ ತುಟಿಯಂತೆ ಉಬ್ಬುತ್ತದೆ. ಸೂಜಿಯನ್ನು ತಿರುಗಿಸುತ್ತ ಒಳಬಿಟ್ಟು, ಆಚೆ ತುದಿ ಇಣುಕಿದ ಕೂಡಲೆ ಹೊರತೆಗೆದು, ಆಚೆ ಬದಿಯಿಂದ ಮತ್ತೆ ಒಳಬಿಡಬೇಕು. ಅಚ್ಚು ಒತ್ತುವವರು ಅಚ್ಚಿಗೆ ಮೊದಲು ತುಸು ನೀರನ್ನೋ ಟಾಲ್ಕಂ ಪುಡಿಯನ್ನೋ ಸವರುತ್ತಾರೆ, ಇಲ್ಲದಿದ್ದರೆ ಕ್ಲೇ ಅಂಟಿಕೊಂಡು ಬರುವುದಿಲ್ಲ. ಕೈಬಳೆಯ ಕೆತ್ತನೆ, ಹಳೆಯ ಗುಂಡಿ, ಬೇವಿನ ಎಲೆಯ ನರ, ಯಾವುದರ ಗುರುತನ್ನು ಬೇಕಾದರೂ ಇದು ಹಿಡಿಯುತ್ತದೆ.

ಪಾಲಿಮರ್ ಕ್ಲೇಗೆ ಚೆನ್ನಾಗಿ ಒಗ್ಗುವ ಒಂದು ಕೆಲಸವೆಂದರೆ ಚಿತ್ರವನ್ನು ದಿಂಡಿನೊಳಗೆ ಕಟ್ಟುವುದು. ಬಾಕರವಡಿ ಮಾಡುವವರಿಗೆ ಇದು ಗೊತ್ತು. ಹಾಳೆಯ ಮೇಲೆ ಮಸಾಲೆ ಹರಡಿ ಸುರುಳಿ ಸುತ್ತಿ ಕೊಯ್ದರೆ ಪ್ರತಿ ತುಂಡಿನಲ್ಲೂ ಅದೇ ಸುರುಳಿ. ಹಾಗೆಯೇ ಬಣ್ಣಬಣ್ಣದ ಎಳೆಗಳನ್ನು ಹೂವಿನಂತೆ ಜೋಡಿಸಿ ದಿಂಡು ಕಟ್ಟಿ, ಉರುಳಿಸಿ ಎಳೆದು ಸಣ್ಣಗೆ ಮಾಡಿದರೆ ಒಳಗಿನ ಹೂವೂ ಅದೇ ಪ್ರಮಾಣದಲ್ಲಿ ಸಣ್ಣದಾಗುತ್ತದೆ. ಬ್ಲೇಡಿನಿಂದ ತೆಳ್ಳಗೆ ಕೊಯ್ದ ಪ್ರತಿ ಬಿಲ್ಲೆಯಲ್ಲೂ ಹೂವು. ಇಟಲಿಯ ವೆನಿಸ್ಸಿನ ಗಾಜಿನ ಕಸುಬಿನವರಿಂದ ಈ ಉಪಾಯ ಬಂದಿದೆ. ಬಣ್ಣಗಳು ಒಂದರೊಳಗೊಂದು ಕದಡದೆ ಇಷ್ಟು ಚೊಕ್ಕಟವಾಗಿ ನಿಲ್ಲುವುದು ನೀರಿನ ಮಣ್ಣಿನಲ್ಲಿ ಕಷ್ಟ.

ಬೆಂಕಿಯ ವಿಚಾರ

ಇಲ್ಲಿಯೇ ಎಚ್ಚರ ಹೇಳಬೇಕಾದ ಜಾಗ. ಟೆರಾಕೋಟಾ ಮಾಡಿ ಅಭ್ಯಾಸವಿದ್ದವರು ಪಾಲಿಮರ್ ಮಣಿಯನ್ನೂ ಕುಳ್ಳಿನ ಬೆಂಕಿಗೆ, ಹೊಟ್ಟಿನ ಆವಿಗೆಗೆ ಹಾಕಿದರೆ ಅದು ಸುಟ್ಟು ಕರಕಲಾಗುತ್ತದೆ. ಅಷ್ಟೇ ಆಗಿದ್ದರೆ ನಷ್ಟವೆಂದು ಸುಮ್ಮನಿರಬಹುದಿತ್ತು. ಆದರೆ ಪಿ.ವಿ.ಸಿ. ಅತಿಯಾಗಿ ಕಾದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಅನಿಲ ಹೊರಬರುತ್ತದೆ. ಕಣ್ಣು, ಮೂಗು, ಗಂಟಲು ಉರಿಸುವ ಈ ಅನಿಲ ತೇವಕ್ಕೆ ತಾಗಿದರೆ ಆಮ್ಲವೇ. ಮಣಿ ಕಂದು ಬಣ್ಣಕ್ಕೆ ತಿರುಗಿ ಘಾಟು ಎದ್ದರೆ ಕೂಡಲೆ ಒಲೆ ಆರಿಸಿ, ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ ಬರಬೇಕು.

ಓವನ್ ಇಲ್ಲದ ಮನೆಗಳಲ್ಲಿ ಕಡಾಯಿಗೆ ಮರಳು ಹಾಕಿ, ಮುಚ್ಚಳ ಮುಚ್ಚಿ, ಕೇಕ್ ಬೇಯಿಸಿದಂತೆ ಇದನ್ನೂ ಬೇಯಿಸುವ ಉಪಾಯ ಹೊಳೆಯುವುದು ಸಹಜ. ತೊಂದರೆಯೇನೆಂದರೆ ಗ್ಯಾಸ್ ಒಲೆಯ ಮೇಲಿನ ಮರಳು 130 ಡಿಗ್ರಿಯಲ್ಲಿ ನಿಲ್ಲುವುದಿಲ್ಲ, ನೋಡುನೋಡುತ್ತಲೇ 200 ದಾಟಬಹುದು. ಮೈಕ್ರೋವೇವ್ ಇದಕ್ಕೆ ಸಲ್ಲದು. ಬೇಕಾದದ್ದು ಶಾಖ ನಿಯಂತ್ರಣವಿರುವ ಸಣ್ಣ ವಿದ್ಯುತ್ ಓವನ್ ಮತ್ತು ಅದರೊಳಗಿಡುವ ಪ್ರತ್ಯೇಕ ಉಷ್ಣಮಾಪಕ. ಆ ಓವನ್ನಿನಲ್ಲಿ ಅಡುಗೆ ಬೇಡ. ಅಂದಮೇಲೆ ಮಣ್ಣಿನ ಮಣಿಗಿಂತ ಇದರ ಬಂಡವಾಳ ಹೆಚ್ಚು. ಕ್ಲೇ ಪೊಟ್ಟಣವೂ ಬಹುಮಟ್ಟಿಗೆ ಹೊರಗಿನಿಂದ ಬರಬೇಕಾದದ್ದು. ಚಂದಾಪುರದಂಥ ಊರಿನಲ್ಲಿ ಕುಳಿತು ಇದನ್ನು ಗಳಿಕೆಯ ದಾರಿ ಮಾಡಿಕೊಳ್ಳಬಯಸುವವರು ಪೊಟ್ಟಣದ ಜೊತೆಗೆ ಓವನ್, ವಿದ್ಯುತ್ತು, ಕೆಟ್ಟುಹೋಗುವ ಮೊದಲ ಕೆಲವು ಕಂತುಗಳು ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಕು. ಮಣ್ಣಿನ ಮಣಿಗಾದರೆ ಕೆರೆ, ಕುಳ್ಳು, ಹಾಗೂ ತಾಳ್ಮೆ ಸಾಕು. ಬಣ್ಣ ಕಡಿಮೆ, ತೂಕ ಹೆಚ್ಚು, ನೆಲಕ್ಕೆ ಬಿದ್ದರೆ ಒಡೆಯುತ್ತದೆ ಎಂಬುದೂ ಅಷ್ಟೇ ನಿಜ.

ಮೆದುಗೊಳಿಸುವ ದ್ರವಗಳ ಬಗ್ಗೆ ಇನ್ನೊಂದು ಮಾತು. ಹಿಂದೆ ಇದಕ್ಕೆ ಥಾಲೇಟ್ ಎಂಬ ಗುಂಪಿನ ರಾಸಾಯನಿಕಗಳನ್ನು ಬಳಸುತ್ತಿದ್ದರು. ಮಕ್ಕಳ ಆಟಿಕೆಗಳಲ್ಲಿ ಇವುಗಳಲ್ಲಿ ಕೆಲವನ್ನು ಐರೋಪ್ಯ ಒಕ್ಕೂಟ 2005ರಲ್ಲಿ ನಿರ್ಬಂಧಿಸಿದ ಮೇಲೆ ದೊಡ್ಡ ಕಂಪನಿಗಳು ಬೇರೆ ದ್ರವಗಳಿಗೆ ಹೊರಳಿದವು. ಹೆಸರು, ವಿಳಾಸ ಇಲ್ಲದ ಅಗ್ಗದ ಪೊಟ್ಟಣದಲ್ಲಿ ಏನಿದೆಯೋ ಹೇಳುವವರಿಲ್ಲ. ಮಕ್ಕಳ ಕೈಗೆ ಕೊಡುವವರು ಪೊಟ್ಟಣದ ಮೇಲಿನ ಬರಹ ಓದುವುದು ಒಳಿತು. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ತಾಂಡಾದ ತೋಳುಗಳಲ್ಲಿ

ಪ್ಲಾಸ್ಟಿಕ್ಕು ಒಡವೆಯಾಗುವುದು ಕೀಳಲ್ಲವೇ ಎಂದು ಕೇಳುವವರಿದ್ದಾರೆ. ಚಿಂಚೋಳಿ ತಾಲ್ಲೂಕಿನಲ್ಲಿ ಬಂಜಾರ ತಾಂಡಾಗಳು ಬಹಳ. ಹಿರಿಯ ಲಂಬಾಣಿ ಮಹಿಳೆಯರ ಘುಗರಿ, ಟೋಪ್ಲಿ, ಕವಡೆ, ಕನ್ನಡಿ, ನಾಣ್ಯ, ಮಣಿಸರಗಳ ನಡುವೆ ತೋಳಿನುದ್ದಕ್ಕೂ ತೊಡುವ ಬಿಳಿ ಬಳೆಗಳನ್ನು ಗಮನಿಸಿ. ಒಂದು ಕಾಲಕ್ಕೆ ಅವಕ್ಕೆ ದಂತ ಬಳಸುತ್ತಿದ್ದರು. ವನ್ಯಜೀವಿ ಕಾಯ್ದೆಗೆ 1986 ಮತ್ತು 1991ರಲ್ಲಿ ಆದ ತಿದ್ದುಪಡಿಗಳ ನಂತರ ದಂತದ ವ್ಯಾಪಾರ ಪೂರ್ತಿ ನಿಷೇಧವಾಯಿತು. ಅದಕ್ಕೆ ಬಹಳ ಮೊದಲೇ ಎಲುಬಿನ, ಪ್ಲಾಸ್ಟಿಕ್ಕಿನ ಬಳೆಗಳು ಆ ಜಾಗ ಹಿಡಿದಿದ್ದವು. ಬಳೆಯ ಅರ್ಥ ಬದಲಾಗಲಿಲ್ಲ, ಆನೆಗಳೂ ಉಳಿದವು. ಹಾಗಾಗಿ ವಸ್ತುವಿನ ಜಾತಿ ಕೇಳುವುದಕ್ಕಿಂತ, ಮಾರುವವರು ಅದು ಏನೆಂದು ನಿಜ ಹೇಳುತ್ತಿದ್ದಾರೆಯೇ ಎಂದು ಕೇಳುವುದು ಹೆಚ್ಚು ಸರಿ. ಪಾಲಿಮರ್ ಸರವನ್ನು ‘ಅಪ್ಪಟ ಮಣ್ಣಿನ, ಪರಿಸರಸ್ನೇಹಿ ಆಭರಣ’ ಎಂದು ಕೂಗಿ ಮಾರುವುದು ಸುಳ್ಳು. ಹರಿದ ಸರವನ್ನು ಕಸದ ಜೊತೆ ಸುಟ್ಟರೆ ಅದೇ ಘಾಟು ಅನಿಲ ಓಣಿಗೆಲ್ಲ ಹಬ್ಬುತ್ತದೆ.

ಕೊಳ್ಳುವವರು ಪರೀಕ್ಷಿಸುವುದು ಹೇಗೆ? ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ಅಂಗಡಿ ಸಾಲಿನಲ್ಲಾದರೂ ಸರಿ, ಊರಿನ ಸಂತೆಯಲ್ಲಾದರೂ ಸರಿ, ಮಣಿಯ ತೂತಿನೊಳಗೆ ಮೊದಲು ನೋಡಿ. ಅಲ್ಲಿ ಬಣ್ಣ, ವಾರ್ನಿಶ್ ತಲುಪಿರುವುದಿಲ್ಲ. ಒಂದು ಹನಿ ನೀರು ಅಲ್ಲಿಗೆ ತಾಗಿಸಿದಾಗ ತಕ್ಷಣ ಹೀರಿಕೊಂಡರೆ ಅದು ಸುಟ್ಟ ಮಣ್ಣು, ಎರಡು ಮಣಿ ತಾಕಿಸಿದರೆ ಗಡಿಗೆಯಂತೆ ಟಣ್ ಎನ್ನುತ್ತದೆ. ನೀರು ಹಾಗೆಯೇ ಜಾರಿ, ತಾಕಿಸಿದಾಗ ಸದ್ದು ಮಂದವಾಗಿದ್ದರೆ ಪಾಲಿಮರ್. ಪಿಷ್ಟ, ಅಂಟಿನ ಮಣಿಯಾದರೆ ಮಳೆಗಾಲದಲ್ಲಿ ತಾನಾಗಿಯೇ ಗೊತ್ತಾಗುತ್ತದೆ, ಬೆವರಿಗೂ ತೇವಕ್ಕೂ ಮೆತ್ತಗಾಗಿ ಬೆರಳಿಗೆ ಅಂಟುತ್ತದೆ. ಹೊಳಪು ಬೇಕೆಂದು ಪಾಲಿಮರ್ ಮಣಿಗೆ ನೇಲ್ ಪಾಲಿಶ್ ಹಚ್ಚಿದ್ದರೆ ಕೆಲವೇ ದಿನಗಳಲ್ಲಿ ಅದೂ ಜಿಗುಟಾಗುತ್ತದೆ. ಬಲ್ಲವರು ಹಾಗೆ ಮಾಡದೆ, 400, 600, 1000 ಅಂಕಿಯ ಉಜ್ಜುಕಾಗದಗಳಿಂದ ನೀರಿನಲ್ಲೇ ಒಂದಾದ ಮೇಲೊಂದರಂತೆ ಉಜ್ಜಿ, ಕೊನೆಗೆ ಹಳೆಯ ಜೀನ್ಸ್ ಬಟ್ಟೆಯಿಂದ ಮಣಿಯನ್ನು ತಿಕ್ಕಿ ಹೊಳಪು ತರುತ್ತಾರೆ.